ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟವನ್ನು ಒಬ್ಬರೇ ಆಡುವುದಾದರೆ: ಕಥೆಯುಳ್ಳ ಜತೆಗಾರರಿರುವ ಆಟ ಯಾವುದು?

ಪ್ರಶ್ನೆ: ಮಗು ಮಲಗಿದ ಮೇಲೆ ರಾತ್ರಿ ಸುಮಾರು ಒಂದು ಗಂಟೆ ಬಿಡುವು ಸಿಗುತ್ತದೆ, ಅದರಲ್ಲೂ ಯಾವಾಗ ಬೇಕಾದರೂ ಏಳಬೇಕಾಗಬಹುದು. ಹೀಗಿರುವಾಗ ಗಿಲ್ಡ್ (ಆಟಗಾರರ ತಂಡ) ಸೇರಿ ಬೇರೆಯವರನ್ನು ಕಾಯಿಸಲು ನನಗೆ ಮನಸ್ಸಿಲ್ಲ. ಆದರೂ ದೊಡ್ಡದೊಂದು ಆನ್‌ಲೈನ್ ಲೋಕದಲ್ಲಿ, ತಮ್ಮದೇ ಕಥೆಯುಳ್ಳ ಜತೆಗಾರ ಪಾತ್ರಗಳೊಂದಿಗೆ ಒಬ್ಬಳೇ ಆಡುವ ಆಸೆಯಿದೆ. ಆಡಿದವರು ದಯವಿಟ್ಟು ಅನುಭವ ತಿಳಿಸಿ.

ಉತ್ತರ 1: ನಿಮ್ಮ ಅಗತ್ಯಕ್ಕೆ ಬಹಳ ಹತ್ತಿರವಾಗಿರುವುದು 2011ರ ಡಿಸೆಂಬರ್‌ನಲ್ಲಿ ಬಯೋವೇರ್ ಬಿಡುಗಡೆ ಮಾಡಿದ ‘ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್’ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿ ಎಂಟು ಮೂಲ ವರ್ಗಗಳಿದ್ದು (ಆಟಗಾರರು ಆರಿಸಿಕೊಳ್ಳುವ ಪಾತ್ರದ ಬಗೆಗಳು), ಪ್ರತಿಯೊಂದಕ್ಕೂ ಬೇರೆಯದೇ ಕಥೆಯಿದೆ, ಆ ಕಥೆಯೊಳಗೇ ಹುಟ್ಟಿ ಬೆಳೆಯುವ ಐವರು ಜತೆಗಾರರಿದ್ದಾರೆ. ಇತರ ಆಟಗಳಲ್ಲಿ ಜತೆಗಾರರು ಬಾಡಿಗೆಗೆ ಬಂದವರಂತೆ ಹಿಂದೆ ನಡೆಯುತ್ತಾರೆ. ಇಲ್ಲಿ ಅವರಿಲ್ಲದೆ ಕಥೆಯೇ ಸಾಗುವುದಿಲ್ಲ.

ಸಿತ್ ವಾರಿಯರ್ ವರ್ಗದ ವೆಟ್ ಎಂಬ ಪಾತ್ರವನ್ನೇ ನೋಡಿ. ಕೊರಿಬಾನ್ ಗ್ರಹದ ಸೆರೆಮನೆಯಲ್ಲಿದ್ದ ಅವಳನ್ನು ನಿಮ್ಮ ವಶಕ್ಕೆ ಕೊಡುವಾಗ ಅವಳ ಕೊರಳಲ್ಲಿ ವಿದ್ಯುತ್ ಆಘಾತ ನೀಡುವ ಪಟ್ಟಿಯಿರುತ್ತದೆ, ಅದರ ನಿಯಂತ್ರಣ ನಿಮ್ಮ ಕೈಯಲ್ಲಿರುತ್ತದೆ. ಮಾತಿನ ನಡುವೆ ಅವಳು ಎದುರಾಡಿದಾಗ ಆಘಾತ ಕೊಡುವ ಆಯ್ಕೆ ತೆರೆಯ ಮೇಲೆ ಮೂಡುತ್ತದೆ. ಪಟ್ಟಿಯನ್ನು ತೆಗೆಯಿರೆಂದು ಅವಳು ಕೇಳುವ ಹೊತ್ತಿಗೆ, ನೀವು ಎಂತಹವರೆಂಬುದನ್ನು ಅವಳೂ ಅರಿತಿರುತ್ತಾಳೆ, ನೀವೂ ಅರಿತಿರುತ್ತೀರಿ. ಮುಂದೆ ಅವಳು ತನ್ನ ಕುಟುಂಬವನ್ನು ಹುಡುಕುವ ಭಾಗ ನನ್ನನ್ನು ಗಾಢವಾಗಿ ತಟ್ಟಿತು. ಬೇರೊಬ್ಬ ಆಟಗಾರ ಪಕ್ಕದಲ್ಲಿದ್ದು ಬೇಗ ಮುಗಿಸೆಂದು ಅವಸರಿಸಿದ್ದರೆ ಆ ಮಾತುಗಳನ್ನು ನಾನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ.

ಮಧ್ಯದಲ್ಲಿ ಏಳಬೇಕಾಗುವ ನಿಮ್ಮ ಕಷ್ಟಕ್ಕೂ ಇಲ್ಲಿ ಉತ್ತರವಿದೆ. ಒಬ್ಬರೇ ಆಡುವಾಗ, ಸಂಭಾಷಣೆಯ ಉತ್ತರಗಳು ತೆರೆಗೆ ಬಂದ ಮೇಲೆ ನೀವು ಆರಿಸುವವರೆಗೂ ಆಟ ಕಾಯುತ್ತದೆ. ಎಸ್ಕೇಪ್ ಒತ್ತಿ ಹೊರಬಂದರೆ ಆ ಸಂಭಾಷಣೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ, ಆಯ್ಕೆಗಳು ದಾಖಲಾಗುವುದಿಲ್ಲ. ಕಾಳಗದ ನಡುವೆ ಮಾತ್ರ ನಿಲ್ಲಿಸಲಾಗದು. 2015ರ ಬದಲಾವಣೆಯ ನಂತರ ಯಾವ ಜತೆಗಾರರನ್ನಾದರೂ ಟ್ಯಾಂಕ್ (ಶತ್ರುವಿನ ಹೊಡೆತವನ್ನು ತಾವೇ ತಡೆಯುವವರು), ಹೀಲರ್ (ಗಾಯ ವಾಸಿಮಾಡುವವರು) ಅಥವಾ ದಾಳಿಕಾರರನ್ನಾಗಿ ಇಟ್ಟುಕೊಳ್ಳಬಹುದಾದ್ದರಿಂದ, ಇಷ್ಟವಾದ ಪಾತ್ರವನ್ನು ಹೀಲರ್ ಆಗಿಸಿಕೊಂಡರೆ ಸಾಮಾನ್ಯ ಕ್ವೆಸ್ಟ್‌ಗಳು (ಆಟ ಒಪ್ಪಿಸುವ ಕಾರ್ಯಗಳು) ನಿರಾಯಾಸವಾಗಿ ಸಾಗುತ್ತವೆ. ಮೂಲ ವರ್ಗದ ಕಥೆಗಳನ್ನು ಚಂದಾ ಕಟ್ಟದೆಯೇ ಆಡಬಹುದು.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಅದೇ 2015ರ ‘ನೈಟ್ಸ್ ಆಫ್ ದ ಫಾಲನ್ ಎಂಪೈರ್’ ಭಾಗದಲ್ಲಿ ಈ ಜತೆಗಾರರೆಲ್ಲ ಚದುರಿಹೋಗುತ್ತಾರೆ, ಅವರಲ್ಲಿ ಕೆಲವರು ಮರಳಲು ವರ್ಷಗಳೇ ಹಿಡಿದವು. ಆದ್ದರಿಂದ ಮೂಲ ಕಥೆಯನ್ನೂ ನಿಮ್ಮ ಬಾಹ್ಯಾಕಾಶ ಹಡಗಿನೊಳಗೆ ಜತೆಗಾರರೊಂದಿಗಿನ ಮಾತುಕತೆಗಳನ್ನೂ ಪೂರ್ತಿ ಮುಗಿಸದೆ ಅದಕ್ಕೆ ಕೈಹಾಕಬೇಡಿ.

ಉತ್ತರ 2: ಮೇಲಿನವರು ಹೇಳಿದ್ದನ್ನು ಒಪ್ಪುತ್ತಲೇ ‘ಫೈನಲ್ ಫ್ಯಾಂಟಸಿ 14’ರ ಬಗ್ಗೆಯೂ ಹೇಳಬಯಸುತ್ತೇನೆ. 2019ರ ‘ಶ್ಯಾಡೋಬ್ರಿಂಗರ್ಸ್’ ವಿಸ್ತರಣೆಯ ಜತೆಗೆ ಬಂದ ಟ್ರಸ್ಟ್ ವ್ಯವಸ್ಥೆಯಿಂದಾಗಿ ನಾಲ್ವರ ಡಂಜನ್‌ಗಳಿಗೆ (ತಂಡವಾಗಿ ಶತ್ರುಗಳನ್ನು ಎದುರಿಸುವ ತಾಣಗಳು) ಅಲಿಸೇ, ಥಾಂಕ್ರೆಡ್ ಮೊದಲಾದ ಕಥೆಯ ಪಾತ್ರಗಳೇ ನಿಮ್ಮೊಡನೆ ಬರುತ್ತವೆ. 2022ರಿಂದ ಈ ಅನುಕೂಲವನ್ನು ಡ್ಯೂಟಿ ಸಪೋರ್ಟ್ ಎಂಬ ಹೆಸರಿನಲ್ಲಿ ಹಳೆಯ ಡಂಜನ್‌ಗಳಿಗೂ ವಿಸ್ತರಿಸಲಾಯಿತು. ಮನುಷ್ಯರಿಗಿಂತ ಅವರು ನಿಧಾನ, ಆದರೆ ದಾರಿ ತಪ್ಪಿದರೆ ಬೈಯುವವರಿಲ್ಲ, ಮತ್ತು ದೊಡ್ಡ ಶತ್ರುವಾದ ಬಾಸ್‌ನ ದಾಳಿ ಬರುವ ಮುನ್ನ ಅವರು ಯಾವ ಕಡೆ ಸರಿಯುತ್ತಾರೆಂದು ನೋಡಿಯೇ ಕಾಳಗದ ಬಗೆಯನ್ನು ಕಲಿಯಬಹುದು. ಆದರೆ ಪೂರ್ತಿ ಒಂಟಿಯಾಗಿ ಆಡಲು ಇಲ್ಲಿ ಆಗುವುದಿಲ್ಲ. ಮುಖ್ಯ ಕಥೆಗೆ ಕಡ್ಡಾಯವಾದ ಕ್ರಿಸ್ಟಲ್ ಟವರ್ ಸರಣಿಗೆ 24 ಆಟಗಾರರು ಬೇಕು, ಅಪರಿಚಿತರೊಂದಿಗೆ ಸಾಲಿನಲ್ಲಿ ನಿಲ್ಲಲೇಬೇಕು. ಮನೆಯಲ್ಲಿ ಇನ್ನೊಬ್ಬರು ಮಗುವನ್ನು ನೋಡಿಕೊಳ್ಳುವ ದಿನಕ್ಕೆ ಅದನ್ನು ಮೀಸಲಿಡಿ.

ಉತ್ತರ 3: ‘ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್’ನಲ್ಲಿ ಜತೆಗಾರರು ಬಂದದ್ದು 2021ರ ‘ಬ್ಲ್ಯಾಕ್‌ವುಡ್’ ವಿಸ್ತರಣೆಯೊಂದಿಗೆ, ಮೊದಲಿಗೆ ಬಂದವರು ಬಾಸ್ಟಿಯನ್ ಮತ್ತು ಮಿರ್ರಿ. ಮುಖ್ಯ ಕಥೆಯಲ್ಲಿ ಅವರ ಮಾತಿಗೆ ತೂಕ ಕಡಿಮೆ, ಆದರೆ ನಡೆಯುವ ದಾರಿಯಲ್ಲಿ ಅವರ ಇರವು ಗೊತ್ತಾಗುತ್ತದೆ. ನೀವು ಕಳ್ಳತನ ಮಾಡಿದರೆ ಬಾಸ್ಟಿಯನ್ ಬೇಸರಪಡುತ್ತಾನೆ; ಚಿಟ್ಟೆ ಹಿಡಿದರೆ ಮಿರ್ರಿಗೆ ಸಹಿಸದು. ಬಾಂಧವ್ಯ ಬೆಳೆದಂತೆಲ್ಲ ಅವರವರ ಕ್ವೆಸ್ಟ್‌ಗಳು ತೆರೆದುಕೊಳ್ಳುತ್ತವೆ. 2016ರಿಂದ ಯಾವ ಲೆವೆಲ್‌ನಲ್ಲಿದ್ದರೂ ಬಹುತೇಕ ಯಾವ ಪ್ರದೇಶಕ್ಕಾದರೂ ಹೋಗಬಹುದಾದ್ದರಿಂದ, ಒಂದು ಗಂಟೆಯಲ್ಲಿ ಒಂದು ಊರಿನ ಕಥೆ ಮುಗಿಸಿ ಏಳಲು ಇದು ಅನುಕೂಲ. ಇಬ್ಬರಲ್ಲಿ ಮೊದಲು ಮಿರ್ರಿಯನ್ನು ಆರಿಸಿಕೊಳ್ಳಿ, ಅವಳ ಮಾತು ಹೆಚ್ಚು ಚುರುಕಾಗಿದೆ. ರಸವಿದ್ಯೆಗಾಗಿ ಕೀಟಗಳನ್ನು ಹಿಡಿಯಬೇಕಾದಾಗ ಅವಳನ್ನು ಕಳುಹಿಸಿಬಿಟ್ಟು, ಆಮೇಲೆ ಮತ್ತೆ ಕರೆಸಿಕೊಳ್ಳಿ.