‘ಬರಗಾಲದಲ್ಲಿ ಅಧಿಕ ಮಾಸ’: ಗಾದೆಯಲ್ಲಿರುವ ಹೊರೆ ಯಾವುದು?

ಗೆಳೆಯರೇ,

ಖರ್ಚಿನ ಮೇಲೆ ಖರ್ಚು ಬಂದರೆ ನಮ್ಮ ಬಾಯಿಗೆ ಮೊದಲು ಬರುವ ಗಾದೆ ‘ಬರಗಾಲದಲ್ಲಿ ಅಧಿಕ ಮಾಸ’. ಪೆಟ್ರೋಲ್ ದರ ಏರಿದರೂ ಇದೇ, ಮನೆ ಬಾಡಿಗೆ ಏರಿದರೂ ಇದೇ. ಹೀಗೆ ಬಳಸಿ ಬಳಸಿ, ಅಧಿಕ ಮಾಸ ಅಂದರೆ ಕೆಟ್ಟ ತಿಂಗಳು ಅನ್ನುವ ಭಾವನೆ ಎಷ್ಟೋ ಜನರಲ್ಲಿ ಕೂತುಬಿಟ್ಟಿದೆ. ನನಗೆ ಇದು ಬೇಸರದ ಸಂಗತಿ. ಅದೇ ತಿಂಗಳಿಗೆ ಪುರುಷೋತ್ತಮ ಮಾಸ ಅಂತಲೂ ಹೆಸರಿದೆ ಅಲ್ವಾ? ಹಾಗಾದರೆ ಗಾದೆ ಹೇಳುವ ಹೊರೆ ಯಾವುದು?

ಮೊದಲು ಲೆಕ್ಕ ನೋಡೋಣ. ಚಾಂದ್ರಮಾನದ ವರ್ಷ ಸುಮಾರು 354 ದಿನ, ಸೂರ್ಯನದು 365. ವರ್ಷಕ್ಕೆ 11 ದಿನ ಬಾಕಿ ಬೀಳುತ್ತದೆ. ಅದನ್ನು ತೀರಿಸಲು 19 ವರ್ಷಗಳಲ್ಲಿ 7 ಸಲ ಒಂದು ತಿಂಗಳು ಜಾಸ್ತಿ ಬರುತ್ತದೆ. ಯಾವ ಚಾಂದ್ರಮಾನ ತಿಂಗಳಲ್ಲಿ ಸಂಕ್ರಮಣ, ಅಂದರೆ ಸೂರ್ಯ ರಾಶಿ ಬದಲಿಸುವುದು, ಬೀಳುವುದಿಲ್ಲವೋ ಅದು ‘ಅಧಿಕ’, ಅದರ ಬೆನ್ನಿಗೇ ಅದೇ ಹೆಸರಿನಲ್ಲಿ ಬರುವ ತಿಂಗಳು ‘ನಿಜ’. 2023ರಲ್ಲಿ ಜುಲೈ 18ರಿಂದ ಆಗಸ್ಟ್ 16ರ ತನಕ ಅಧಿಕ ಶ್ರಾವಣ. ನಾಗರಪಂಚಮಿ, ವರಮಹಾಲಕ್ಷ್ಮಿ ಎಲ್ಲ ನಿಜ ಶ್ರಾವಣಕ್ಕೆ ಹೋದವು. ಆ ವರ್ಷ ಮಳೆಯೂ ಕೈಕೊಟ್ಟಿತು. ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಗಾದೆ ಅಕ್ಷರಶಃ ನಡೆದ ವರ್ಷ ಅದು.

ಕೆಲವರು ಕೊಡುವ ಅರ್ಥ: ತಿಂಗಳು ಜಾಸ್ತಿಯಾದರೆ ಮಳೆಬೆಳೆ ತಡವಾಗುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ರೈತರು ಮಳೆ ಎಣಿಸುವುದು ರೋಹಿಣಿ, ಮೃಗಶಿರ, ಆರಿದ್ರ ಅಂತ. ಅದು ಸೂರ್ಯ ನಿಂತ ನಕ್ಷತ್ರದ ಲೆಕ್ಕ. ಅಧಿಕ ಮಾಸ ಬರಲಿ ಬಿಡಲಿ, ಆರಿದ್ರ ಮಳೆ ಹುಟ್ಟುವುದು ಜೂನ್ 22ರ ಆಸುಪಾಸಿನಲ್ಲೇ.

ಎರಡನೆಯ ಅರ್ಥ, ದಾನದ ಖರ್ಚು. ಇದರಲ್ಲಿ ಹುರುಳಿದೆ. ಈ ತಿಂಗಳಲ್ಲಿ ಮದುವೆ, ಮುಂಜಿ, ಗೃಹಪ್ರವೇಶ ಇಲ್ಲ. ಸ್ನಾನ, ಜಪ, ದೀಪ, ದಾನಕ್ಕೆ ಮಾತ್ರ ಎಂದಿಗಿಂತ ಹೆಚ್ಚಿನ ಫಲ ಅನ್ನುತ್ತಾರೆ. ಅದರಲ್ಲೂ ದೊಡ್ಡದು ಅಪೂಪ, ಅಂದರೆ ಕರಿದ ಸಿಹಿ ಅಪ್ಪದ ದಾನ. ಕಂಚಿನ ಪಾತ್ರೆಯಲ್ಲಿ 33 ಅಪೂಪ ಇಟ್ಟು ಕೊಡಬೇಕು. 8 ವಸುಗಳು, 11 ರುದ್ರರು, 12 ಆದಿತ್ಯರು, ಪ್ರಜಾಪತಿ, ವಷಟ್ಕಾರ, ಹೀಗೆ 33 ದೇವತೆಗಳಿಗೆ ಒಂದೊಂದು. ಅಪೂಪಕ್ಕೆ ಅನಾರಸ ಅನ್ನುವ ತಿಂಡಿ ಮಾಡುವ ಮನೆಗಳಲ್ಲಿ ಬೆಲ್ಲ ಹಾಕಿ ಕಲಸಿದ ಅಕ್ಕಿಹಿಟ್ಟನ್ನು ಗಸಗಸೆಯ ಮೇಲೆ ತಟ್ಟಿ, ಗಸಗಸೆ ಮೇಲೆ ಬರುವ ಹಾಗೆ ತುಪ್ಪಕ್ಕೆ ಬಿಡುತ್ತಾರೆ. ಮಗುಚುವುದಿಲ್ಲ. ಮೇಲಿಂದ ಬಿಸಿ ತುಪ್ಪ ಚಿಮುಕಿಸುತ್ತಾರೆ. ಮೈತುಂಬ ಸಣ್ಣ ಸಣ್ಣ ತೂತು ಬಿದ್ದರೆ ಹದ ಸರಿಯಾಯಿತು ಅಂತ. ಅಪೂಪದಲ್ಲಿ ಎಷ್ಟು ತೂತೋ ಕೊಟ್ಟವರಿಗೆ ಅಷ್ಟು ಕಾಲ ಸ್ವರ್ಗ ಅನ್ನುವ ನಂಬಿಕೆಯೂ ಇದೆ. ಮಗಳು ಅಳಿಯನನ್ನು ಲಕ್ಷ್ಮೀನಾರಾಯಣ ಅಂತ ಭಾವಿಸಿ ಅವರಿಗೆ ಕೊಡುವವರೂ ಇದ್ದಾರೆ. ಹಿಟ್ಟಿಗೇ ತತ್ವಾರ ಇರುವ ಬರಗಾಲದಲ್ಲಿ ಅಷ್ಟು ಬೆಲ್ಲ, ತುಪ್ಪ ಎಲ್ಲಿಂದ ತರುವುದು?

ಆದರೂ ನನ್ನ ಒಲವು ಮೂರನೆಯ ಅರ್ಥದ ಕಡೆಗೆ. ಮರಾಠಿಯಲ್ಲಿ ಇದೇ ಗಾದೆ ‘ದುಷ್ಕಾಳಾತ್ ತೇರಾವಾ ಮಹಿನಾ’. ಬರದಲ್ಲಿ ಹದಿಮೂರನೇ ತಿಂಗಳು, ಅಷ್ಟೇ. ಅಲ್ಲಿ ಅಧಿಕ ಅನ್ನುವ ಮಾತೂ ಇಲ್ಲ, ದಾನದ ಸುಳಿವೂ ಇಲ್ಲ, ಬರೀ ಎಣಿಕೆ. ಬೆಳೆ ಸೂರ್ಯನ ಪ್ರಕಾರ ಬಂದರೂ ಮನೆಯ ಲೆಕ್ಕ ಯುಗಾದಿಯಿಂದ ಯುಗಾದಿಗೆ. ಅಧಿಕ ಮಾಸ ಬಿದ್ದ ವರ್ಷ ಅದು ಸುಮಾರು 384 ದಿನ ಆಗುತ್ತದೆ. ಹನ್ನೆರಡು ತಿಂಗಳಿಗೇ ಸಾಕಾಗದ ಕಾಳನ್ನು ಹದಿಮೂರಕ್ಕೆ ಎಳೆಯಬೇಕು. ಹಾಗೆ ನೋಡಿದರೆ ಗಾದೆ ತಿಂಗಳನ್ನು ಬಯ್ಯುತ್ತಿಲ್ಲ, ಬರಿದಾಗುತ್ತಿರುವ ಕಣಜದ ಸಂಕಟ ಹೇಳುತ್ತಿದೆ.

ಅಧಿಕ ಮಾಸಕ್ಕೆ ಮಲಮಾಸ, ಅಂದರೆ ಕೊಳೆಯ ತಿಂಗಳು, ಅನ್ನುವ ಹೆಸರೂ ಇದೆ ನಿಜ. ಪುರಾಣದ ಕಥೆ ಅದಕ್ಕೆ ಉತ್ತರ ಕೊಡುತ್ತದೆ. ಮಾರ್ಗಶಿರದಿಂದ ಕಾರ್ತಿಕದ ತನಕ ಕೇಶವ, ನಾರಾಯಣ ಅಂತ ಹನ್ನೆರಡು ತಿಂಗಳಿಗೂ ಒಬ್ಬೊಬ್ಬ ಒಡೆಯ. ಈ ತಿಂಗಳಿಗೆ ಯಾರೂ ಇರಲಿಲ್ಲ. ಎಲ್ಲರೂ ದೂರ ಇಟ್ಟಾಗ ಅಳುತ್ತಾ ವಿಷ್ಣುವಿನ ಹತ್ತಿರ ಹೋಯಿತು. ಅವನು ಪುರುಷೋತ್ತಮ ಅನ್ನುವ ತನ್ನ ಹೆಸರನ್ನೇ ಕೊಟ್ಟ. ಇಂಥ ತಿಂಗಳನ್ನು ಅಪಶಕುನ ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ.

ನನ್ನ ಪ್ರಶ್ನೆಗಳು ಇವು. ನಿಮ್ಮ ಕಡೆ ಗಾದೆ ‘ಬರಗಾಲ’ ಅಂತಲೋ ‘ದುರ್ಭಿಕ್ಷ’ ಅಂತಲೋ? ಬೆಳಗಾವಿ, ಬೀದರ್ ಕಡೆಯವರು ಕನ್ನಡದಲ್ಲೂ ‘ಹದಿಮೂರನೇ ತಿಂಗಳು’ ಅನ್ನುವುದನ್ನು ಕೇಳಿದ್ದೀರಾ? ಅಪೂಪ ಅಂತ ನಿಮ್ಮ ಮನೆಯಲ್ಲಿ ಕೊಡುವುದು ಏನು, ಅನಾರಸವೋ, ಕಜ್ಜಾಯವೋ, ಗೋಧಿಹಿಟ್ಟಿನ ಅಪ್ಪವೋ? ಹಿರಿಯರನ್ನು ಕೇಳಿ, ಅವರು ಹೇಳಿದ ಮಾತನ್ನು ಹಾಗೇ ಬರೆದರೆ ಇನ್ನೂ ಒಳ್ಳೆಯದು.