ಸಹಾಯ ಬೇಕು: ನಮ್ಮಜ್ಜಿ ಕೈಯಲ್ಲಿ ಹುಟ್ಟಿದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಬೇಲೂರು ಕಡೆ ಹಳ್ಳಿಗಳಲ್ಲಿ ಸೂಲಗಿತ್ತಿಯಾಗಿದ್ದ ನಮ್ಮಜ್ಜಿ ತೀರಿಕೊಂಡು ಬರುವ ತಿಂಗಳಿಗೆ ವರ್ಷ. ವರ್ಷದ ಕಾರ್ಯದ ಹೊತ್ತಿಗೆ ಅವರ ನೆನಪಿನ ಪುಟ್ಟ ಪುಸ್ತಕ ಮಾಡಿಸಬೇಕು ಅಂತ ಆಸೆ.

ಮಳೆಗಾಲದ ರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ ಅಜ್ಜಿ ಕೇಳುತ್ತಿದ್ದದ್ದು ಒಂದೇ ಮಾತು, "ಯಾರ ಮನೆ?" ಕಂಬಳಿ ಕೊಪ್ಪೆ ಹಾಕಿ, ಹರಳೆಣ್ಣೆ ಸೀಸೆ ಮಡಿಲಿಗೆ ಸಿಕ್ಕಿಸಿಕೊಂಡು ಹೊರಟೇಬಿಡೋರು. ದುಡ್ಡು ಮುಟ್ಟುತ್ತಿರಲಿಲ್ಲ. ಎಲೆ ಅಡಿಕೆ, ಒಂದು ರವಿಕೆ ಕಣ, ಅಷ್ಟೇ. ಆಮೇಲೂ ದಿನಾ ಹೋಗಿ, ಕಾಲು ಚಾಚಿ ಕೂತು, ಕಾಲ ಮೇಲೆ ಮಗು ಮಲಗಿಸಿಕೊಂಡು, ಹಾಡು ಹೇಳುತ್ತಾ ನೀರು ಹಾಕೋರು.

ಹಾಸನಾಂಬೆ ಬಾಗಿಲು ತೆಗೆಯೋದು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ಅಜ್ಜಿ ದರ್ಶನ ತಪ್ಪಿಸಿಕೊಂಡದ್ದು ಒಂದೇ ವರ್ಷ, ಯಾರದೋ ಕಷ್ಟದ ಹೆರಿಗೆಗಾಗಿ. "ತಾಯಿ ಅಲ್ಲೇ ಬಂದಿದ್ಲು ಕಣವ್ವ" ಅಂದಿದ್ದರು.

ಆ ನೀರು ಹಾಕುವ ಹಾಡು ನಮ್ಮಲ್ಲಿ ಯಾರಿಗೂ ಪೂರ್ತಿ ಬರಲ್ಲ. ಬರೆದಿಟ್ಟುಕೊಳ್ಳಲಿಲ್ಲವಲ್ಲ ಅಂತ ಈಗ ಸಂಕಟವಾಗುತ್ತೆ. ನಿಮ್ಮಮ್ಮನಿಗೋ ಅಜ್ಜಿಗೋ ಗೊತ್ತಿದ್ದರೆ ದಯವಿಟ್ಟು ಮೊಬೈಲಲ್ಲಿ ಹಾಡಿಸಿ ಕಳಿಸಿ. ನಾಮಕರಣದ ಹಳೇ ಫೋಟೋಗಳಲ್ಲೂ ಒಮ್ಮೆ ನೋಡಿ. ಮೂಲೆಯಲ್ಲಿ ಹಸಿರು ಸೀರೆ, ದೊಡ್ಡ ಕುಂಕುಮ, ಮಡಿಲಲ್ಲಿ ಮಗು ಇದ್ದರೆ ಅದು ನಮ್ಮಜ್ಜಿಯೇ ಇರಬಹುದು.