ಡಿಸೆಂಬರಿನಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ, ಜುಲೈಯಲ್ಲಿ ಗಿರಾಕಿಯಿಲ್ಲ: ಮಡಿಕೇರಿಗೆ ಏನು ದಾರಿ?

ಪ್ರಶ್ನೆ: ಮಹದೇವಪೇಟೆಯ ವ್ಯಾಪಾರಿ

ಮಡಿಕೇರಿಯ ಮಹದೇವಪೇಟೆಯಲ್ಲಿ ತಂದೆಯವರ ಕಾಲದಿಂದ ನಡೆದುಬಂದಿರುವ, ಕಾಫಿಪುಡಿ, ಕಾಳುಮೆಣಸು, ಏಲಕ್ಕಿ, ಜೇನುತುಪ್ಪ ಮಾರುವ ಸಣ್ಣ ಅಂಗಡಿ ನನ್ನದು. ಕಳೆದ ಡಿಸೆಂಬರಿನ ಕೊನೆಯ ಶನಿವಾರ ನಡೆದದ್ದನ್ನು ಹೇಳಿದರೆ ನನ್ನ ಪ್ರಶ್ನೆ ಏನೆಂಬುದು ತಮಗೆ ತಿಳಿಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಹೊರಜಿಲ್ಲೆಯ ಕಾರೊಂದು ಅಂಗಡಿಯ ಮೆಟ್ಟಿಲಿಗೆ ತಾಗಿಕೊಂಡಂತೆ ನಿಂತಿತ್ತು. ಗಾಜಿನ ಮೇಲೆ ಫೋನ್ ನಂಬರೂ ಇರಲಿಲ್ಲ. ಪುಡಿಯ ಮೂಟೆ ತಂದ ಗೂಡ್ಸ್ ಆಟೊ ನಿಲ್ಲಲು ಎಡೆ ಸಿಗದೆ ಏರಿನ ಮೇಲಕ್ಕೆ ಹೋಗಿ ನಿಂತಿತು, ಅಲ್ಲಿಂದ ಆರು ಮೂಟೆಗಳನ್ನು ನಮ್ಮ ಹುಡುಗ ಹೆಗಲ ಮೇಲೆ ಹೊತ್ತು ತಂದ. ಸಂಜೆ ನಾಲ್ಕಕ್ಕೆ ಆ ಕಾರಿನವರು ಮಾಂದಲಪಟ್ಟಿ ಬೆಟ್ಟ ನೋಡಿಕೊಂಡು ಜೀಪಿನಲ್ಲಿ ಮರಳಿದರು. ನಾಲ್ಕು ಮಾತು ಆಡಬೇಕೆಂದು ಕಾದಿದ್ದೆ. ಅವರಾಗಿಯೇ ಕ್ಷಮೆ ಕೇಳಿ, ಅರ್ಧ ಕಿಲೋ ಪುಡಿಯನ್ನೂ ಕೊಂಡಾಗ ಬಾಯಿ ಕಟ್ಟಿತು.

ಇದೇ ಅಂಗಡಿಯಲ್ಲಿ ಜುಲೈ ತಿಂಗಳಲ್ಲಿ ಹಗಲಿಗೇ ದೀಪ ಹಾಕಿಕೊಂಡು, ಮೆಣಸಿಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುತ್ತ ಕೂರುತ್ತೇನೆ. ಎಷ್ಟೋ ದಿನ ಬೋಣಿಯೂ ಆಗುವುದಿಲ್ಲ. ಮಳೆಗಾಲದ ಮೂರು ತಿಂಗಳು ಬಾಗಿಲು ಹಾಕಿಬಿಡೋಣ ಎಂಬುದು ಮಗನ ವಾದ.

ವ್ಯಾಪಾರಿಗಳು ಸೇರಿದಲ್ಲೆಲ್ಲ ಬಹುಮಹಡಿ ನಿಲುಗಡೆ ಕಟ್ಟಡವೊಂದು ಬಂದರೆ ಎಲ್ಲವೂ ಸರಿಹೋಗುತ್ತದೆ ಎಂಬ ಮಾತು ಕೇಳಿಬರುತ್ತದೆ. ನನಗೆ ಅಷ್ಟು ನಂಬಿಕೆ ಬರುತ್ತಿಲ್ಲ. ಜಾಗವಿಲ್ಲದ ಗುಡ್ಡದ ಊರಿನಲ್ಲಿ ವಾಹನಗಳನ್ನು ಎಲ್ಲಿಡುವುದು, ಮತ್ತು ವರ್ಷದ ಹನ್ನೆರಡು ತಿಂಗಳೂ ಪೇಟೆ ಉಸಿರಾಡುವಂತೆ ಮಾಡುವುದು ಹೇಗೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಎಂಜಿನಿಯರ್

ಬೇರೊಂದು ಊರಿನ ಪುರಸಭೆಯಲ್ಲಿ ಬಹಳ ಕಾಲ ಕೆಲಸ ಮಾಡಿದವನು ನಾನು. ತಮ್ಮ ಅಪನಂಬಿಕೆಗೆ ಆಧಾರವಿದೆ. ನಮ್ಮ ದೇಶದ ಕಟ್ಟಡ ನಿಯಮಗಳಲ್ಲಿ ಒಂದು ಕಾರಿಗೆ, ಅದು ತಿರುಗಿ ಹೊರಬರುವ ದಾರಿಯೂ ಸೇರಿ, ತೆರೆದ ಜಾಗವಾದರೆ 23 ಚದರ ಮೀಟರ್, ನೆಲಮಾಳಿಗೆಯಾದರೆ 32 ಚದರ ಮೀಟರ್ ಎಂದು ಲೆಕ್ಕ ಹಿಡಿಯುತ್ತಾರೆ. ಅಂದರೆ ಬರಿಯ ನೂರು ಕಾರು ನಿಲ್ಲಲು 2,300 ಚದರ ಮೀಟರ್, ನಿಮ್ಮ ಕಡೆಯ ಅಳತೆಯಲ್ಲಿ ಸುಮಾರು 57 ಸೆಂಟು ಸಮತಟ್ಟು ನೆಲ ಬೇಕು. ಮಡಿಕೇರಿಯಲ್ಲಿ ಅಂಥ ನೆಲ ಎಲ್ಲಿದೆ? ಗುಡ್ಡವನ್ನು ನೇರವಾಗಿ ಕಡಿದು ನೆಲ ಮಾಡಿಕೊಂಡರೆ ಏನಾಗುತ್ತದೆ ಎಂಬುದನ್ನು 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗೆ ನಾನು ವಿವರಿಸಬೇಕಾಗಿಲ್ಲ.

ಒಂದು ವೇಳೆ ಕಟ್ಟಿದರೂ ಅದು ತುಂಬುವುದು ಎಷ್ಟು ದಿನ? ಡಿಸೆಂಬರಿನ ಕೊನೆಯ ಹತ್ತು ದಿನ, ದಸರೆ, ಬೇಸಿಗೆ ರಜೆಯ ವಾರಾಂತ್ಯಗಳು, ಸೋಮವಾರವೋ ಶುಕ್ರವಾರವೋ ರಜೆ ಕೂಡಿಬಂದ ವಾರಗಳು ಎಲ್ಲವನ್ನೂ ಕೂಡಿದರೂ ನನ್ನ ಅಂದಾಜಿನಲ್ಲಿ ಅರವತ್ತೆಪ್ಪತ್ತು ದಿನ ದಾಟಲಾರದು. ಉಳಿದ ಮುನ್ನೂರು ದಿನ ಆ ಕಟ್ಟಡ ಮಳೆಯಲ್ಲಿ ಪಾಚಿ ಕಟ್ಟುತ್ತ ನಿಲ್ಲುತ್ತದೆ, ಅದರ ಸಾಲದ ಬಡ್ಡಿ ಮಾತ್ರ ಜುಲೈಯಲ್ಲೂ ಬೆಳೆಯುತ್ತದೆ. ನಿಮ್ಮ ಅಂಗಡಿಯ ಕಷ್ಟವೇ ಅದಕ್ಕೂ ಬರುತ್ತದೆ ಎನ್ನಿ.

ನಿಮ್ಮೂರಿಗೆ ಜಾಗದ ಕೊರತೆಗಿಂತ ಹೆಚ್ಚಾಗಿರುವುದು, ಇರುವ ಜಾಗಕ್ಕೆ ಬೆಲೆಯಿಲ್ಲದಿರುವುದು. ನಿಮ್ಮ ಮೆಟ್ಟಿಲ ಮುಂದೆ ಏಳು ಗಂಟೆ ನಿಂತ ಕಾರು ಬಾಡಿಗೆ ಕೊಡಲಿಲ್ಲ. ಅದೇ ಅಳತೆಯ ನೆಲದಲ್ಲಿ ಒಬ್ಬರು ಕಿತ್ತಳೆ ಬುಟ್ಟಿ ಇಟ್ಟುಕೊಂಡು ಕೂತಿದ್ದರೆ ಸುಂಕ ಕೊಡಬೇಕಾಗುತ್ತಿತ್ತು. ಅಮೆರಿಕದಲ್ಲಿ ಬಹುಕಾಲ ಈ ವಿಷಯವನ್ನೇ ಅಧ್ಯಯನ ಮಾಡಿದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಹೇಳಿದ ಸೂತ್ರ ಸರಳವಾದದ್ದು: ಬೀದಿಯ ನೂರು ಸ್ಥಾನಗಳಲ್ಲಿ ಸುಮಾರು 85 ತುಂಬಿ, ಹದಿನೈದು ಯಾವಾಗಲೂ ಖಾಲಿ ಇರುವಂತೆ ಶುಲ್ಕವನ್ನು ಏರಿಸುತ್ತ ಇಳಿಸುತ್ತ ಹೋಗಬೇಕು, ಬಂದ ಹಣವನ್ನು ಅದೇ ಬೀದಿಗೆ ಖರ್ಚು ಮಾಡಬೇಕು. ಹೀಗೆ ಮಾಡಿದರೆ ಜುಲೈಯ ಮಂಗಳವಾರ ನಿಲುಗಡೆ ಪುಕ್ಕಟೆಯಾಗಬಹುದು, ಡಿಸೆಂಬರಿನ ಶನಿವಾರ ಮೊದಲ ಒಂದು ಗಂಟೆಗೆ ಸಣ್ಣ ಶುಲ್ಕವಿದ್ದು ಆಮೇಲೆ ಗಂಟೆಗಂಟೆಗೂ ಏರಬಹುದು. ಸಾಮಾನು ಇಳಿಸುವ ಗಾಡಿಗಳಿಗೆ ಬೆಳಿಗ್ಗೆ ಹತ್ತರವರೆಗೆ ಜಾಗ ಕಾದಿಡಬೇಕು. ಇದನ್ನು ಮರೆತ ಯೋಜನೆಯನ್ನು ವ್ಯಾಪಾರಿಗಳೇ ಮೊದಲು ವಿರೋಧಿಸುತ್ತಾರೆ.

ಆದರೆ ಅದಕ್ಕೂ ಮೊದಲು ಎಣಿಕೆ ಆಗಬೇಕು. ಒಂದು ನೋಟ್ ಪುಸ್ತಕ ಹಿಡಿದು, ಅರ್ಧ ಗಂಟೆಗೊಮ್ಮೆ ನಿಮ್ಮ ಬೀದಿಯ ವಾಹನ ಸಂಖ್ಯೆಗಳನ್ನು ಬರೆದುಕೊಳ್ಳಿ. ಎಷ್ಟು ಗಾಡಿ ಪ್ರವಾಸಿಗರದ್ದು, ಎಷ್ಟು ಅಂಗಡಿಯವರದ್ದೇ ಎಂಬುದು ಆಗ ತಿಳಿಯುತ್ತದೆ. ನಾನು ಕೆಲಸ ಮಾಡಿದ ಊರಿನಲ್ಲಿ ಎಣಿಸಿದಾಗ ದಿನವಿಡೀ ಕದಲದೆ ನಿಂತವುಗಳಲ್ಲಿ ಬಹುಪಾಲು ಆ ಬೀದಿಯ ಮಾಲೀಕರ ಸ್ಕೂಟರು, ಕಾರುಗಳೇ ಆಗಿದ್ದವು. ಆ ಪಟ್ಟಿಯನ್ನು ಸಭೆಯಲ್ಲಿ ಓದಿದ ದಿನ ಯಾರೂ ಚಹಾ ಕುಡಿಯಲು ಉಳಿಯಲಿಲ್ಲ.

ಉತ್ತರ 2: ಊಟಿಯಲ್ಲಿ ನೆಲೆಸಿದ ಕನ್ನಡಿಗ

ಗಾಡಿಗಳನ್ನು ಊರ ಹೊರಗೇ ತಡೆಯುವ ಉಪಾಯದ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ, ಹಾಗಾಗಿ ನಾವು ಕಂಡದ್ದನ್ನು ಹೇಳುತ್ತೇನೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ ನಮ್ಮ ಊಟಿ ಇರುವ ನೀಲಗಿರಿ ಜಿಲ್ಲೆಗೂ ಕೊಡೈಕೆನಾಲ್‌ಗೂ ಬರುವ ವಾಹನಗಳಿಗೆ 2024ರ ಮೇ 7ರಿಂದ ಇ-ಪಾಸ್, ಅಂದರೆ ಆನ್‌ಲೈನಿನಲ್ಲಿ ಪಡೆಯುವ ಪ್ರವೇಶ ಚೀಟಿ, ಕಡ್ಡಾಯವಾಯಿತು. ಮೊದಲ ವರ್ಷ ಕೇಳಿದವರಿಗೆಲ್ಲ ಪಾಸ್ ಸಿಗುತ್ತಿತ್ತು, ಆದ್ದರಿಂದ ಅದು ಎಣಿಕೆಯ ಕೆಲಸವನ್ನಷ್ಟೇ ಮಾಡಿತು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ಮಿತಿ ಬಂತು: ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನ. ಸರ್ಕಾರಿ ಬಸ್ಸಿಗೂ ಸ್ಥಳೀಯ ನೋಂದಣಿಯ ವಾಹನಗಳಿಗೂ ವಿನಾಯಿತಿ ಇತ್ತು. ಇಲ್ಲಿನ ವ್ಯಾಪಾರಿಗಳು ಅಂಗಡಿ ಮುಚ್ಚಿ ಬಂದ್ ಆಚರಿಸಿದರು. ಅವರ ಭಯ ಸುಳ್ಳೆಂದು ನಾನು ಹೇಳಲಾರೆ, ಏಕೆಂದರೆ ಪಾಸ್ ಸಿಗದವನು ತನ್ನ ಪ್ರವಾಸವನ್ನು ಇನ್ನೊಂದು ವಾರಕ್ಕೆ ಮುಂದೂಡುತ್ತಾನೋ ಅಥವಾ ಬೇರೆ ಊರಿಗೆ ಹೊರಟುಬಿಡುತ್ತಾನೋ ಎಂಬುದು ಅಂಗಡಿಯಲ್ಲಿ ಕೂತವನಿಗೆ ಕಾಣುವುದಿಲ್ಲ.

ಕೊಡಗಿಗೆ ಇದನ್ನು ಹಾಗೆಯೇ ತಂದರೆ ಎರಡು ತೊಡಕುಗಳಿವೆ. ನಿಮ್ಮ ಜಿಲ್ಲೆಗೆ ಕುಶಾಲನಗರ, ಸಂಪಾಜೆ, ಮಾಕುಟ್ಟ, ಕುಟ್ಟ, ಆನೆಚೌಕೂರು ಎಂದು ಹಲವು ಬಾಗಿಲುಗಳು. ಅದಕ್ಕಿಂತ ದೊಡ್ಡದೆಂದರೆ, ಮೈಸೂರಿನಿಂದ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275 ಮಡಿಕೇರಿಯ ಮೂಲಕವೇ ಸಾಗುತ್ತದೆ. ಸುಳ್ಯದ ಮದುವೆಗೆ ಹೊರಟವರನ್ನು ಪ್ರವಾಸಿಗರೆಂದು ತಡೆಯಲಾಗದು. ಜಿಲ್ಲೆಗೆ ರೈಲೂ ಇಲ್ಲ, ಆದ್ದರಿಂದ ಬರುವವರೆಲ್ಲ ರಸ್ತೆಯಲ್ಲೇ ಬರಬೇಕು. ಹಾಗಾಗಿ ಇಡೀ ಜಿಲ್ಲೆಗೆ ಬೇಲಿ ಹಾಕುವ ಬದಲು ಒಂದೊಂದು ತಾಣಕ್ಕೆ ಮುಂಗಡ ನೋಂದಣಿ ಇಡುವುದು ನಿಮಗೆ ಹೊಂದುತ್ತದೆ. ಚಿಕ್ಕಮಗಳೂರಿನಲ್ಲಿ ಮುಳ್ಳಯ್ಯನಗಿರಿಯ ಭಾಗಕ್ಕೆ 2025ರಲ್ಲಿ ಬೆಳಿಗ್ಗೆ, ಮಧ್ಯಾಹ್ನ ಎಂಬ ಎರಡು ಪಾಳಿಯ ಆನ್‌ಲೈನ್ ನೋಂದಣಿ ತಂದದ್ದು ಈ ಬಗೆಯದು. ಮಾಂದಲಪಟ್ಟಿಗೂ ಅಬ್ಬಿ ಜಲಪಾತಕ್ಕೂ ಇದನ್ನು ತರಬಹುದು.

ಉತ್ತರ 3: ಮಾಂದಲಪಟ್ಟಿ ಜೀಪು ಚಾಲಕ

ವ್ಯಾಪಾರಿಗಳೇ, ನಿಮ್ಮ ಅಂಗಡಿಯ ಮುಂದೆ ಕಾರು ನಿಂತದ್ದಕ್ಕೆ ಅರ್ಧ ಕಾರಣ ನಾವು. ಆ ರಸ್ತೆಗೆ ಕಾರು ಒಯ್ಯಲು ಅಂಜುವ ಪ್ರವಾಸಿಗರು ಅದನ್ನು ಪೇಟೆಯಲ್ಲಿ ಬಿಟ್ಟು ನಮ್ಮ ಜೀಪು ಹತ್ತುತ್ತಾರೆ. ನಮಗೆ ಊರಿನ ಅಂಚಿನಲ್ಲಿ ಒಂದು ಸ್ಟ್ಯಾಂಡ್, ಅದರ ಪಕ್ಕದಲ್ಲಿ ಕಾರು ನಿಲ್ಲಿಸಲು ಕಾವಲಿರುವ ಜಾಗ, ಒಂದು ಶೌಚಾಲಯ ಇಷ್ಟು ಕೊಟ್ಟರೆ ಆ ಕಾರುಗಳು ಪೇಟೆಯೊಳಗೆ ಬರಬೇಕಾಗಿಯೇ ಇಲ್ಲ. ಆದರೆ ಬಸ್ಸು ಬಿಡುವ ಯೋಜನೆ ಮಾಡುವವರು ನಮ್ಮನ್ನು ಕೇಳದೆ ಮಾಡಬಾರದು. ದೂರ ಗಾಡಿ ಬಿಟ್ಟು ನಡೆಯಲು ಜನ ಒಪ್ಪುತ್ತಾರೆಯೇ ಎಂದರೆ, ದಸರೆಯಲ್ಲಿ ಹತ್ತು ದೇವಾಲಯಗಳ ಮಂಟಪಗಳು ಹೊರಡುವ ದಶಮಂಟಪದ ರಾತ್ರಿ ನೋಡಿ. ಮೆರವಣಿಗೆಯ ರಸ್ತೆಗಳಿಗೆ ವಾಹನ ಬಿಡುವುದಿಲ್ಲ. ಜನ ದೂರದಲ್ಲಿ ಗಾಡಿ ಬಿಟ್ಟು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳಗಾಗುವವರೆಗೆ ನಡೆಯುತ್ತಾರೆ. ಒಬ್ಬರೂ ದೂರಿದ್ದನ್ನು ನಾನು ಕೇಳಿಲ್ಲ.

ಉತ್ತರ 4: ಕಕ್ಕಬ್ಬೆಯ ಹೋಂಸ್ಟೇ ಗೃಹಿಣಿ

ಮೇಲಿನವರೆಲ್ಲ ಗಾಡಿಯ ಬಗ್ಗೆ ಹೇಳಿದ್ದಾರೆ, ನಾನು ಜುಲೈಯ ಬಗ್ಗೆ ಹೇಳುತ್ತೇನೆ. ಹನ್ನೆರಡು ತಿಂಗಳೂ ಪ್ರವಾಸಿಗರು ಬರಬೇಕೆಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಸುಸ್ತಾಗುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕುಯ್ಲು, ಕಣದಲ್ಲಿ ಒಣಗಿಸುವ ಕೆಲಸ. ಅದೇ ಹೊತ್ತಿಗೆ ಕೋಣೆಗಳೂ ಭರ್ತಿ. ಹಣ್ಣು ಕುಯ್ಯುವ ಕೈಗಳೇ ಹಾಸಿಗೆ ಬದಲಿಸಬೇಕು, ಪಾತ್ರೆ ತೊಳೆಯಬೇಕು. ನಮ್ಮ ದುಡಿಮೆಯ ಎರಡು ಕಾಲಗಳೂ ಒಂದರ ಮೇಲೊಂದು ಬಿದ್ದಿವೆ. ಮಳೆಗಾಲದಲ್ಲಾದರೂ ಗದ್ದೆಯ ನಾಟಿಗೆ, ಮನೆಯವರಿಗೆ ಸಮಯ ಬೇಡವೇ?

ಹಾಗೆಂದು ಮಳೆಗಾಲವನ್ನು ಪೂರ್ತಿ ಬಿಡಬೇಕೆಂದು ನನ್ನ ಮಾತಲ್ಲ. ಆಗ ಬರುವವರು ಬೇರೆ ಬಗೆಯವರು. ಎರಡು ದಿನದಲ್ಲಿ ಆರು ತಾಣ ಮುಗಿಸುವ ಅವಸರ ಅವರಿಗಿರುವುದಿಲ್ಲ, ನಾಲ್ಕೈದು ದಿನ ಒಂದೇ ಮನೆಯಲ್ಲಿ ಇರುತ್ತಾರೆ, ಗಾಡಿ ಅಂಗಳದಿಂದ ಕದಲುವುದಿಲ್ಲ. ಕೊಡವರ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಗುಣ ಸೇರುತ್ತದೆಂಬ ನಂಬಿಕೆ ನಮ್ಮಲ್ಲಿದೆ. ಆ ಸೊಪ್ಪನ್ನು ಬೇಯಿಸಿದರೆ ನೀರು ಕಡು ನೇರಳೆಗೆ ತಿರುಗುತ್ತದೆ, ಅಡುಗೆಮನೆಯಿಂದ ಅಂಗಳದವರೆಗೂ ಪರಿಮಳ ಬರುತ್ತದೆ, ಆ ನೀರಿನಲ್ಲಿ ಅಕ್ಕಿ ಬೇಯಿಸಿ ಬೆಲ್ಲ ಹಾಕಿ ಪಾಯಸ ಮಾಡುತ್ತೇವೆ. ಒಮ್ಮೆ ಮೈಸೂರಿನಿಂದ ಬಂದಿದ್ದ ಅತಿಥಿಯೊಬ್ಬರು ಮರುದಿನ ಬೆಳಿಗ್ಗೆ ಗಾಬರಿಯಿಂದ ಬಾಗಿಲು ಬಡಿದರು. ಪಾಯಸ ಉಂಡವರ ಮೂತ್ರ ಕೆಂಪಾಗುತ್ತದೆಂದು ಮೊದಲೇ ಹೇಳಲು ನಾನು ಮರೆತಿದ್ದೆ. ಅವರು ಈಗ ಪ್ರತಿ ವರ್ಷ ಅದೇ ವಾರಕ್ಕೆ ಬರುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಇರಬೇಕು. 2018, 2019ರಲ್ಲಿ ಗುಡ್ಡ ಜರಿದದ್ದನ್ನು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಆದ ಭೂಕುಸಿತವನ್ನು ಮರೆತು, ಮಳೆಯ ಸೊಬಗು ನೋಡಬನ್ನಿ ಎಂದು ಪ್ರಚಾರ ಮಾಡುವುದು ಸರಿಯಲ್ಲ. ರೆಡ್ ಅಲರ್ಟ್ ಬಂದ ದಿನಕ್ಕೆ ಕಾದಿರಿಸಿದ್ದರೆ ನಾನು ಪೂರ್ತಿ ಹಣ ಹಿಂತಿರುಗಿಸುತ್ತೇನೆ. ಆ ಭರವಸೆ ಇದ್ದುದರಿಂದಲೇ ಕೆಲವರು ಧೈರ್ಯವಾಗಿ ಮುಂಗಡ ಕೊಡುತ್ತಾರೆ.

ನಿಮ್ಮ ಅಂಗಡಿಯ ಮಾತಿಗೆ ಬಂದರೆ ಅಣ್ಣಾ, ಜುಲೈಯಲ್ಲಿ ಗಿರಾಕಿ ಮಹದೇವಪೇಟೆಗೇ ಬರಬೇಕೇ? ಡಿಸೆಂಬರಿನಲ್ಲಿ ಅರ್ಧ ಕಿಲೋ ಕೊಂಡ ಆ ಕುಟುಂಬದ ಪುಡಿ ಒಂದೆರಡು ತಿಂಗಳಲ್ಲಿ ಮುಗಿದಿರುತ್ತದೆ. ಅವರ ವಿಳಾಸ ಬರೆದುಕೊಂಡಿದ್ದರೆ ಆಗಸ್ಟ್ ಹೊತ್ತಿಗೆ ಮೂರು ಬಾರಿ ಅಂಚೆಯಲ್ಲಿ ಕಳುಹಿಸಬಹುದಿತ್ತು. ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ), ಅಂದರೆ ಸರಕು ಈ ನೆಲದ್ದೇ ಎಂದು ಹೇಳುವ ಗುರುತು, ಸಿಕ್ಕಿದೆ. ಆ ಗುರುತನ್ನು ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು, ನಮ್ಮಲ್ಲಿ ಎಷ್ಟೋ ಮಂದಿ ಆ ಗೋಜಿಗೇ ಹೋಗಿಲ್ಲ. ಹೊರಗಿನ ಮೆಣಸನ್ನು ಕೊಡಗಿನದೆಂದು ಕಟ್ಟಿಕೊಡುವ ಅಂಗಡಿಗಳ ನಡುವೆ ನಿಮ್ಮ ಸರಕು ಯಾವ ತೋಟದ್ದೆಂದು ಚೀಟಿಯ ಮೇಲೆ ಬರೆದರೂ ಸಾಕು, ದೂರದವರು ಗುರುತಿಟ್ಟುಕೊಳ್ಳುತ್ತಾರೆ.

ಮರು ಉತ್ತರ: ಮಹದೇವಪೇಟೆಯ ವ್ಯಾಪಾರಿ

ಎಲ್ಲರಿಗೂ ವಂದನೆಗಳು. ಎಂಜಿನಿಯರ್ ಸಾಹೇಬರ ಮಾತು ಓದಿ ಸ್ವಲ್ಪ ನಾಚಿಕೆಯೂ ಆಯಿತು, ಏಕೆಂದರೆ ನನ್ನ ಸ್ಕೂಟರೂ ಮಗನ ಬೈಕೂ ಬೆಳಿಗ್ಗೆಯಿಂದ ರಾತ್ರಿಯವರೆಗೆ ಅಂಗಡಿಯ ಮುಂದೆಯೇ ಇರುತ್ತವೆ. ಶುಲ್ಕದ ವಿಚಾರದಲ್ಲಿ ಒಂದು ಸಂದೇಹ ಉಳಿದಿದೆ: ಅಬ್ಬಿ, ಮಾಂದಲಪಟ್ಟಿಗಳು ಪಟ್ಟಣದ ಗಡಿಯ ಹೊರಗಿವೆ, ಅಲ್ಲಿ ವಸೂಲಾದ ಹಣ ಪೇಟೆಯ ಬೀದಿಗೆ ಬರುವುದಿಲ್ಲ, ದಟ್ಟಣೆ ಮಾತ್ರ ಪೇಟೆಗೆ ಬರುತ್ತದೆ. ಜೀಪಿನವರು ಕೇಳಿದ ಸ್ಟ್ಯಾಂಡಿನ ಖರ್ಚನ್ನು ಪಂಚಾಯಿತಿಯೂ ಪಟ್ಟಣವೂ ಹಂಚಿಕೊಳ್ಳುವ ಬಗೆ ಯಾರಿಗಾದರೂ ಗೊತ್ತಿದ್ದರೆ ಬರೆಯಿರಿ, ಮುಂದಿನ ವ್ಯಾಪಾರಿಗಳ ಸಭೆಗೆ ಒಯ್ಯುತ್ತೇನೆ.

ಕಕ್ಕಬ್ಬೆಯ ತಂಗಿ ಹೇಳಿದಂತೆ ವಿಳಾಸ ಬರೆದುಕೊಳ್ಳಲು ಒಂದು ಪುಸ್ತಕ ಕೌಂಟರಿನ ಮೇಲೆ ಇಟ್ಟಿದ್ದೇನೆ. ನಾಳೆ ಶುಕ್ರವಾರ, ಸಂತೆಯ ದಿನ. ಇನ್ನೊಂದು ಪುಸ್ತಕ ಕೊಟ್ಟು ಮಗನನ್ನು ಏಳು ಗಂಟೆಗೇ ಬೀದಿಯ ತುದಿಯಲ್ಲಿ ಎಣಿಸಲು ನಿಲ್ಲಿಸುತ್ತೇನೆ. ಬೈಕನ್ನು ಮನೆಯಲ್ಲೇ ಬಿಟ್ಟು ಬರಲು ಹೇಳಿದ್ದೇನೆ, ಇನ್ನೂ ಒಪ್ಪಿಲ್ಲ.